ವಾಯ್ಸ್‌ಓವರ್‌ಗೆ ಪುಟ್ಟ ಯುಎಸ್‌ಬಿ ಇಂಟರ್‌ಫೇಸ್ ಆರಿಸುವುದು ಹೇಗೆ? ಮೊದಲು ಮೈಕ್ ನೋಡಿ, ಆಮೇಲೆ ಪೆಟ್ಟಿಗೆ ಕೊಳ್ಳಿ

ಹೋದ ವರ್ಷ ಚಳಿಗಾಲದಲ್ಲಿ ಒಂದು ರಾತ್ರಿ ವಿಜಯಪುರದ ಲಾಡ್ಜ್ ಒಂದರಲ್ಲಿ ಕೂತಿದ್ದೆ. ಹತ್ತೂವರೆ ಆಗಿತ್ತು. ದ್ರಾಕ್ಷಿ ಬೆಳೆಗಾರರಿಗೆ ಮಾಡಿದ 40 ಸೆಕೆಂಡಿನ ಜಾಹೀರಾತು. "ಮುಂಜಾನೆ ಆರಕ್ಕ ಬೇಕ್ರೀ, ತಡ ಮಾಡಬ್ಯಾಡ್ರಿ" ಅಂತ ಗಿರಾಕಿ ಹೇಳಿದ್ದರು. ಭಾರ ಯಾಕೆ ಅಂತ ಲ್ಯಾಪ್‌ಟಾಪ್ ಬಾಗಲಕೋಟೆಯ ಮನೆಯಲ್ಲೇ ಬಿಟ್ಟು ಬಂದಿದ್ದೆ. ಕೈಯಲ್ಲಿ ಇದ್ದದ್ದು ಫೋನು, ಕಂಡೆನ್ಸರ್ ಮೈಕ್ (ಕರೆಂಟ್ ಕೊಟ್ಟರೆ ಮಾತ್ರ ಓಡುವ, ಸಣ್ಣ ಸದ್ದನ್ನೂ ಹಿಡಿಯುವ ಮೈಕ್), ಹೊಸದಾಗಿ ಕೊಂಡ ಅಂಗೈ ಅಗಲದ ಇಂಟರ್‌ಫೇಸ್. ಇಂಟರ್‌ಫೇಸನ್ನು ಫೋನಿಗೆ ಜೋಡಿಸುವ ಒಟಿಜಿ ಕೇಬಲ್ ಸಿಕ್ಕಿಸಿದೆ. ಹಸಿರು ದೀಪ ಹತ್ತಿತು. ಮೈಕ್‌ಗೆ ಬೇಕಾದ 48 ವೋಲ್ಟ್ ಬಟನ್ ಒತ್ತಿದೆ. ದೀಪ ಒಮ್ಮೆ ಮಿಣಕ್ ಅಂದು ಆರಿತು. ಬಿಚ್ಚಿ ಮತ್ತೆ ಸಿಕ್ಕಿಸಿದೆ, ಮತ್ತೆ ಆರಿತು. ಕಡೆಗೆ ಲಾಡ್ಜಿನ ರಗ್ಗು ತಲೆ ಮೇಲೆ ಹೊದ್ದು, ಫೋನಿನ ಮೈಕ್‌ನಲ್ಲೇ ಓದಿ ಕಳಿಸಿದೆ. ದುಡ್ಡು ಬಂತು. ಆ ಗಿರಾಕಿ ಮತ್ತೆ ಫೋನ್ ಮಾಡಲಿಲ್ಲ.

ಪೆಟ್ಟಿಗೆ ಕೆಟ್ಟಿರಲಿಲ್ಲ, ಫೋನೂ ಸರಿಯಾಗೇ ಇತ್ತು. ಕೊಳ್ಳುವಾಗ "ಯಾವುದು ಚಲೋ ಐತಿ?" ಅಂತ ಹತ್ತು ಜನರನ್ನು ಕೇಳಿದ್ದೆ. ನನ್ನ ಮೈಕ್‌ಗೆ ಎಷ್ಟು ಗೇನ್ ಬೇಕು, ಕರೆಂಟ್ ಎಲ್ಲಿಂದ ಬರಬೇಕು ಅಂತ ಮಾತ್ರ ಲೆಕ್ಕ ಹಾಕಿರಲಿಲ್ಲ. ಈ ಎರಡು ಲೆಕ್ಕ ಗೊತ್ತಾದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ. ಅದಕ್ಕೇ ಕೆಳಗೆ ಅವೆರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇಂಟರ್‌ಫೇಸ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮೈಕ್‌ನಿಂದ ಹೊರಡುವ ಸಿಗ್ನಲ್ ವೋಲ್ಟಿನ ಸಾವಿರದ ಒಂದು ಪಾಲಿನ ಆಸುಪಾಸು ಇರುತ್ತದೆ. ಆ ಪೆಟ್ಟಿಗೆ ಅದನ್ನು ಮೊದಲು ಹಿಗ್ಗಿಸುತ್ತದೆ, ಇದೇ ಗೇನ್. ಆಮೇಲೆ ಅಂಕಿಗಳಾಗಿ ಬದಲಿಸಿ ಯುಎಸ್‌ಬಿ ಮೂಲಕ ಫೋನಿಗೋ ಲ್ಯಾಪ್‌ಟಾಪಿಗೋ ಕಳಿಸುತ್ತದೆ. ಜೊತೆಗೆ ಮೈಕ್‌ಗೆ ಕರೆಂಟ್, ಹೆಡ್‌ಫೋನಿಗೆ ಸದ್ದು. ನಮ್ಮ ಕಡೆ ಅಂಗಡಿಯಲ್ಲಿ ಕೇಳುವಾಗ "ಸೌಂಡ್ ಕಾರ್ಡ್" ಅಂದರೂ ನಡೆಯುತ್ತದೆ. ಆದರೆ ಹುಷಾರು, ನಗು, ಚಪ್ಪಾಳೆ, ಸೀಟಿ ಬಟನ್ ಇರುವ ಬಣ್ಣದ ದೀಪದ ಸೆಟ್ ತೆಗೆದು ಮುಂದಿಟ್ಟಾರು. ಅದು ಲೈವ್‌ನಲ್ಲಿ ತಮಾಷೆ ಮಾಡೋರಿಗೆ. ವಾಯ್ಸ್‌ಓವರ್‌ಗೆ ಬೇಡ.

ಹೆಜ್ಜೆ 1: ದುಡ್ಡು ತೆಗೆಯುವ ಮುಂಚೆ ಕೋಣೆಯಲ್ಲಿ ಚಪ್ಪಾಳೆ ತಟ್ಟಿ

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ನಮ್ಮ ಕಡೆಯ ಶಾಲೆ ಮಕ್ಕಳೆಲ್ಲ ಒಮ್ಮೆಯಾದರೂ ಹೋಗಿ ಕೂಗಿ ಬಂದಿರುತ್ತಾರೆ. ಗಚ್ಚಿನ ಗಟ್ಟಿ ಗೋಡೆ, ಮೇಲೆ ಗುಮ್ಮಟದ ಬಾಗು. ಸದ್ದಿಗೆ ಹೀರಿಕೊಳ್ಳುವವರೇ ಇಲ್ಲ, ಹಾಗಾಗಿ ತಿರುಗಿ ತಿರುಗಿ ಬರುತ್ತದೆ. ಈಗಿನ ಹೊಸ ಮನೆಗಳೂ ಸಣ್ಣ ಪ್ರಮಾಣದಲ್ಲಿ ಅದೇ. ನೆಲಕ್ಕೆ ಟೈಲ್ಸ್, ಬೋಳು ಗೋಡೆ, ಗಾಜಿನ ಕಿಟಕಿ. ಕೋಣೆ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. "ಟಣ್" ಅಂತ ಬಾಲ ಕೇಳಿಸಿದರೆ, ಎಷ್ಟೇ ದುಬಾರಿ ಇಂಟರ್‌ಫೇಸ್ ತಂದರೂ ಆ ಬಾಲ ರೆಕಾರ್ಡ್ ಆಗೇ ಆಗುತ್ತದೆ.

ಇದಕ್ಕೆ ನಮ್ಮ ಮನೆಗಳಲ್ಲಿ ಪುಕ್ಕಟೆ ಔಷಧಿ ಇದೆ: ಕೌದಿ. ಹಳೇ ಸೀರೆ ಒಂದರ ಮೇಲೊಂದು ಹಾಕಿ ಅಜ್ಜಿ ಹೊಲಿದ ದಪ್ಪ ಕೌದಿ. ನನ್ನ ಹತ್ತಿರ ಮೂರಿವೆ. ಎರಡನ್ನು ಬೆನ್ನ ಹಿಂದೆ, ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ತೂಗುಹಾಕುತ್ತೇನೆ. ಮೂರನೆಯದು ಮೇಜಿನ ಮೇಲೆ. ಬೆನ್ನ ಹಿಂದೆ ಯಾಕೆ ಅಂದರೆ, ಮೈಕಿನ ಮುಖ ನೋಡುವುದು ನನ್ನನ್ನೂ ನನ್ನ ಹಿಂದಿನ ಗೋಡೆಯನ್ನೂ. ಗೋಡೆಗೆ ಒತ್ತಿ ಹಾಕುವುದಕ್ಕಿಂತ ನಡುವೆ ಸ್ವಲ್ಪ ಗಾಳಿ ಬಿಟ್ಟರೆ ಕೌದಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಹೊರಗಿನ ಸದ್ದು ಬೇರೆ ಕಥೆ. ಕೌದಿ ಅದನ್ನು ತಡೆಯಲ್ಲ. ಕಬ್ಬಿನ ಸೀಜನ್‌ನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರ್‌ಗಳಿಗೆ ಯಾವ ಮದ್ದೂ ಇಲ್ಲ. ಅವು ಹೋಗುವವರೆಗೆ ಚಹಾ ಕುಡಿಯಬೇಕು, ಅಷ್ಟೇ.

ಹೆಜ್ಜೆ 2: ಮೈಕ್ ಎಷ್ಟು ಕೇಳುತ್ತದೆ ಅಂತ ಲೆಕ್ಕ ಹಾಕಿ

ಬನಹಟ್ಟಿಯ ಹುಡುಗನೊಬ್ಬ ಒಂದು ಸಲ ಮನೆಗೆ ಬಂದಿದ್ದ. ಒಳ್ಳೇ ಗಡಸು ಧ್ವನಿ. ಮನೆಯಲ್ಲೇ ಪವರ್‌ಲೂಮ್. "ಅಣ್ಣಾ, ದೊಡ್ಡ ಕಂಡೆನ್ಸರ್ ಮೈಕ್ ತಗೊಂಡೀನಿ. ಆದರ ನನ್ನ ಮಾತಿಗಿಂತ ಮಗ್ಗದ ಸಪ್ಪಳನ ಜಾಸ್ತಿ ಬರ್ತೈತಿ" ಅಂದ. ಹೆಡ್‌ಫೋನ್ ಹಾಕಿ ಕೇಳಿದೆ. ಪ್ರತಿ ಎರಡು ಪದದ ನಡುವೆ ಖಟಕ್, ಖಟಕ್. ಗೋಡೆಯಾಚೆಯ ಮಗ್ಗ ಪಕ್ಕದಲ್ಲೇ ಕೂತ ಹಾಗಿತ್ತು.

ನನ್ನ ಡೈನಾಮಿಕ್ ಮೈಕ್ (ಕರೆಂಟ್ ಬೇಡದ, ಕಡಿಮೆ ಸೂಕ್ಷ್ಮದ ಮೈಕ್) ಕೊಟ್ಟು, ನಾಲ್ಕು ಬೆರಳಿನ ದೂರದಲ್ಲಿ ಮಾತಾಡಲು ಹೇಳಿದೆ. ಮಗ್ಗ ಹಿಂದೆ ಸರಿಯಿತು. ಇದರಲ್ಲಿ ಮಂತ್ರ ಏನಿಲ್ಲ. ಡೈನಾಮಿಕ್ ಮೈಕ್ ಗದ್ದಲವನ್ನು ಮಾಯ ಮಾಡುತ್ತದೆ ಅನ್ನೋದು ತಪ್ಪು ನಂಬಿಕೆ. ಅದು ಬಾಯಿಗೆ ಹತ್ತಿರ ಹಿಡಿಯಲು ಬಿಡುತ್ತದೆ, ಅಷ್ಟೇ. ದೂರ ಅರ್ಧ ಆದರೆ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಒಂದು ಗೇಣು ಅಂದರೆ 9 ಇಂಚು, ನಾಲ್ಕು ಬೆರಳು ಅಂದರೆ 3 ಇಂಚು. ಮೂರು ಪಟ್ಟು ಹತ್ತಿರ ಬಂದರೆ 9 ಡೆಸಿಬೆಲ್‌ಗಿಂತ ಜಾಸ್ತಿ ಲಾಭ. ಮಗ್ಗ ಮಾತ್ರ ಇದ್ದಲ್ಲೇ ಇರುತ್ತದೆ. ಅಷ್ಟು ಗೇನ್ ಇಳಿಸಿದರೆ ಅದೂ ಅಷ್ಟೇ ಇಳಿಯುತ್ತದೆ.

ಹುಡುಗ ಖುಷಿಯಿಂದ ಅಂಥದ್ದೇ ಮೈಕ್ ಕೊಂಡ. ಹದಿನೈದು ದಿನಕ್ಕೆ ಮತ್ತೆ ಫೋನ್. "ಅಣ್ಣಾ, ಗೇನ್ ಪೂರಾ ತಿರುವಿದರೂ ಧ್ವನಿ ಇರುವಿ ಹರದಾಡಿದಂಗ ಬರ್ತೈತಿ!" ಈಗ ತೊಂದರೆ ಇಂಟರ್‌ಫೇಸಿನದು. ಇಲ್ಲಿಂದಲೇ ನಮ್ಮ ಲೆಕ್ಕ ಶುರು.

ಪ್ರತಿ ಮೈಕಿನ ಜೊತೆ ಬರುವ ಹಾಳೆಯಲ್ಲಿ ಸೆನ್ಸಿಟಿವಿಟಿ ಅಂತ ಒಂದು ಸಾಲು ಇರುತ್ತದೆ. ಒಂದೇ ಅಳತೆಯ ಸದ್ದಿಗೆ ಮೈಕ್ ಎಷ್ಟು ಮಿಲಿವೋಲ್ಟ್ ಕೊಡುತ್ತದೆ ಅನ್ನುವ ಅಂಕಿ ಅದು. ನಾಲ್ಕು ಹೆಸರುವಾಸಿ ಮೈಕ್ ತೆಗೆದುಕೊಳ್ಳಿ:

- ಶೂರ್ ಎಸ್‌ಎಂ7ಬಿ (ಡೈನಾಮಿಕ್): 1.12 ಮಿಲಿವೋಲ್ಟ್
- ಶೂರ್ ಎಸ್‌ಎಂ58 (ಡೈನಾಮಿಕ್, ಆರ್ಕೆಸ್ಟ್ರಾದವರ ಕೈಯಲ್ಲಿ ಸದಾ ಕಾಣುವುದು): 1.85 ಮಿಲಿವೋಲ್ಟ್
- ಆಡಿಯೋ ಟೆಕ್ನಿಕಾ ಎಟಿ2020 (ಕಂಡೆನ್ಸರ್): 14.1 ಮಿಲಿವೋಲ್ಟ್
- ರೋಡ್ ಎನ್‌ಟಿ1-ಎ (ಕಂಡೆನ್ಸರ್): 25 ಮಿಲಿವೋಲ್ಟ್

ಮೊದಲನೆಯದಕ್ಕೂ ಕಡೆಯದಕ್ಕೂ 22 ಪಟ್ಟು ಅಂತರ. ಡೆಸಿಬೆಲ್ ಲೆಕ್ಕದಲ್ಲಿ 27. ಅಂದರೆ ಒಂದೇ ಕೋಣೆ, ಒಂದೇ ಧ್ವನಿ, ಒಂದೇ ದೂರ ಇದ್ದರೂ ಎಸ್‌ಎಂ7ಬಿಗೆ 27 ಡೆಸಿಬೆಲ್ ಜಾಸ್ತಿ ಗೇನ್ ಬೇಕು. ಒಂದು ಗೇಣು ದೂರದಿಂದ ಮಾಮೂಲಿ ಮಾತಾಡಿದರೆ ಎನ್‌ಟಿ1-ಎಗೆ ಹೆಚ್ಚೂಕಡಿಮೆ 35 ಡೆಸಿಬೆಲ್ ಸಾಕು. ಎಸ್‌ಎಂ7ಬಿಗೆ 60 ದಾಟುತ್ತದೆ. ಅದಕ್ಕೆ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕು ಅಂತ ಶೂರ್ ಕಂಪನಿಯೇ ಹೇಳುತ್ತದೆ.

ಹೀಗಾಗಿ ಪೆಟ್ಟಿಗೆ ಕೊಳ್ಳುವಾಗ ನೋಡಬೇಕಾದ ಮೊದಲ ಅಂಕಿ ಮೈಕ್ ಗೇನ್. ಕಂಡೆನ್ಸರ್ ಇದ್ದರೆ 50 ಇದ್ದರೂ ಧಾರಾಳ. ಡೈನಾಮಿಕ್ ಇದ್ದರೆ 60ರ ಕೆಳಗೆ ಬರಬೇಡಿ. ಬನಹಟ್ಟಿಯ ಹುಡುಗನ ಪೆಟ್ಟಿಗೆಯಲ್ಲಿ ಅಷ್ಟು ಇರಲಿಲ್ಲ.

ಎರಡನೇ ಅಂಕಿ ಇಐಎನ್. ಪೆಟ್ಟಿಗೆ ತಾನೇ ಮಾಡುವ ಸುಯ್ ಸದ್ದಿನ ಅಳತೆ. ಮೈನಸ್ 128 ಡಿಬಿಯು (ಡೆಸಿಬೆಲ್‌ನದೇ ಒಂದು ಬಗೆ) ಹೀಗೆ ಬರೆದಿರುತ್ತಾರೆ. ಮೈನಸ್ ಜಾಸ್ತಿ ಆದಷ್ಟೂ ಒಳ್ಳೆಯದು. ಆದರೆ ಇದಕ್ಕೊಂದು ತಳ ಇದೆ. ಸಾಮಾನ್ಯವಾಗಿ ಅಳೆಯಲು ಬಳಸುವ 150 ಓಮ್ ರೋಧಕ ತಾನೇ ಮಾಡುವ ಸದ್ದು ಸುಮಾರು ಮೈನಸ್ 131. ಅದಕ್ಕಿಂತ ಕೆಳಗೆ ಯಾರೂ ಇಳಿಯಲಾರರು. ಹಾಗಾಗಿ 127ಕ್ಕೂ 129ಕ್ಕೂ ನಡುವೆ ಜಗಳ ಆಡುತ್ತಾ ಕೂರಬೇಡಿ, ನಿಮ್ಮ ಫ್ಯಾನು ಅದರ ಹತ್ತು ಪಟ್ಟು ಸದ್ದು ಮಾಡುತ್ತಿರುತ್ತದೆ.

ಈ ಅಂಕಿಯೂ ಮೈಕಿನ ಮೇಲೇ ನಿಂತಿದೆ. ಕಂಡೆನ್ಸರ್ ಮೈಕ್ ಒಳಗೆ ಎಲೆಕ್ಟ್ರಾನಿಕ್ಸ್ ಇರುವುದರಿಂದ ಅದೇ ಒಂಚೂರು ಸುಯ್ ಅನ್ನುತ್ತದೆ. ಎಟಿ2020ರದ್ದು 20 ಡೆಸಿಬೆಲ್, ಎನ್‌ಟಿ1-ಎಯದ್ದು 5. ಎನ್‌ಟಿ1-ಎಯಂಥ ಮೌನಿಯ ಸದ್ದು ಕೂಡ ಒಂದು ಸಾಧಾರಣ ಇಂಟರ್‌ಫೇಸಿನ ಸದ್ದಿಗಿಂತ ಮೇಲೇ ಇರುತ್ತದೆ. ಅಂದರೆ ಕಂಡೆನ್ಸರ್ ಇರುವವರು ದುಬಾರಿ ಪ್ರೀಆಂಪ್‌ಗೆ, ಅಂದರೆ ಪೆಟ್ಟಿಗೆಯಲ್ಲಿ ಗೇನ್ ಕೊಡುವ ಭಾಗಕ್ಕೆ, ದುಡ್ಡು ಸುರಿದರೂ ಕಿವಿಗೆ ಫರಕು ಗೊತ್ತಾಗಲ್ಲ. ಡೈನಾಮಿಕ್ ಇರುವವರಿಗೆ ತಿರುವುಮುರುವು. ಮೈಕ್ ಸುಮ್ನೆ ಇರುತ್ತದೆ, ಕೇಳಿಸುವುದೆಲ್ಲ ಪೆಟ್ಟಿಗೆಯ ಸುಯ್. ಅವರು ಇಲ್ಲಿ ನಾಲ್ಕು ಕಾಸು ಜಾಸ್ತಿ ಹಾಕಬೇಕು.

ಈಗಾಗಲೇ ಕಡಿಮೆ ಗೇನಿನ ಪೆಟ್ಟಿಗೆ ಕೊಂಡಿದ್ದರೆ? ಮೈಕ್‌ಗೂ ಪೆಟ್ಟಿಗೆಗೂ ನಡುವೆ ಹಾಕುವ ಬೂಸ್ಟರ್ ಸಿಗುತ್ತದೆ. ಫೆಟ್‌ಹೆಡ್ 27 ಡೆಸಿಬೆಲ್, ಕ್ಲೌಡ್‌ಲಿಫ್ಟರ್ 25 ಡೆಸಿಬೆಲ್ ಸೇರಿಸುತ್ತವೆ. ಆದರೆ ಅವು ಓಡುವುದು 48 ವೋಲ್ಟ್ ಮೇಲೆ. ಆ ಬಟನ್ ಒತ್ತಿದರೆ ಏನಾಗಬಹುದು ಅಂತ ಮೇಲೆ ಹೇಳಿದೆನಲ್ಲ.

ಹೆಜ್ಜೆ 3: ಕರೆಂಟ್ ಎಲ್ಲಿಂದ?

ಫ್ಯಾಂಟಮ್ ಪವರ್ ಅಂದರೆ ಅದೇ ಕೇಬಲ್ ಮೂಲಕ ಮೈಕ್‌ಗೆ ಹೋಗುವ 48 ವೋಲ್ಟ್. ಕಂಡೆನ್ಸರ್‌ಗೆ ಬೇಕೇ ಬೇಕು. ಡೈನಾಮಿಕ್‌ಗೆ ಬೇಡ. ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ (ಮೈಕಿನ ಮೂರು ಪಿನ್ನಿನ ಕೇಬಲ್) ಇದ್ದರೆ ಆನ್ ಇದ್ದರೂ ಡೈನಾಮಿಕ್‌ಗೆ ಏನೂ ಆಗಲ್ಲ.

ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್. ಅದನ್ನು 48ಕ್ಕೆ ಏರಿಸಬೇಕಾದರೆ ಪೆಟ್ಟಿಗೆ ಜಾಸ್ತಿ ಕರೆಂಟ್ ಎಳೆಯುತ್ತದೆ. ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್ ಕೊಡಬಲ್ಲದು, 3.0 ಆದರೆ 900. ಲ್ಯಾಪ್‌ಟಾಪಿಗೆ ಇದು ದೊಡ್ಡ ಮಾತಲ್ಲ. ಫೋನಿಗೆ ದೊಡ್ಡ ಮಾತು. ಬ್ಯಾಟರಿ ಉಳಿಸಲು ಎಷ್ಟೋ ಫೋನುಗಳು ಹೊರಗಿನ ಸಾಧನಕ್ಕೆ ಕೈ ಬಿಗಿಹಿಡಿದು ಕೊಡುತ್ತವೆ. ಲಾಡ್ಜಿನಲ್ಲಿ ನನಗಾದದ್ದು ಅದೇ. ದೀಪ ಹತ್ತುವಷ್ಟು ಕರೆಂಟ್ ಇತ್ತು, 48 ವೋಲ್ಟ್ ಎಬ್ಬಿಸುವಷ್ಟು ಇರಲಿಲ್ಲ.

ಫೋನಿನಲ್ಲೇ ರೆಕಾರ್ಡ್ ಮಾಡುವವರಿಗೆ ದಾರಿ ಮೂರು.

ಒಂದು, ಹಿಂಬದಿಯಲ್ಲಿ ಕರೆಂಟಿಗೇ ಬೇರೆ ಯುಎಸ್‌ಬಿ ಪೋರ್ಟ್ ಇರುವ ಇಂಟರ್‌ಫೇಸ್ ಕೊಳ್ಳಿ. ಒಂದರಲ್ಲಿ ಫೋನು, ಇನ್ನೊಂದರಲ್ಲಿ ಪವರ್ ಬ್ಯಾಂಕ್. ನನ್ನ ಮಟ್ಟಿಗೆ ಇದೇ ನೆಮ್ಮದಿಯ ದಾರಿ.

ಎರಡು, ಚಾರ್ಜಿಂಗ್ ಪೋರ್ಟ್ ಇರುವ ಹಬ್. ಫೋನೂ ಚಾರ್ಜ್ ಆಗುತ್ತದೆ, ಪೆಟ್ಟಿಗೆಗೂ ಸಿಗುತ್ತದೆ. ಹಳೇ ಐಫೋನ್ ಇದ್ದವರಿಗೆ ಪವರ್ ಪೋರ್ಟ್ ಇರುವ ಕ್ಯಾಮೆರಾ ಅಡಾಪ್ಟರ್ ಬೇಕು. 2023ರಲ್ಲಿ ಬಂದ ಐಫೋನ್ 15ರಿಂದ ಈಚೆಗೆ ಯುಎಸ್‌ಬಿ-ಸಿ ಆಗಿರುವುದರಿಂದ ಆ ತಲೆನೋವು ತಪ್ಪಿದೆ.

ಮೂರು, ಡೈನಾಮಿಕ್ ಮೈಕ್ ಇಟ್ಟುಕೊಂಡು 48 ವೋಲ್ಟ್ ತಂಟೆಗೇ ಹೋಗದಿರುವುದು. ಊರೂರು ತಿರುಗುವವರಿಗೆ ಇದು ಅಗ್ಗವೂ ಹೌದು.

ಪವರ್ ಬ್ಯಾಂಕ್‌ನಲ್ಲಿ ಒಂದು ತರಲೆ ಇದೆ. ಎಳೆಯುವ ಕರೆಂಟ್ ತೀರಾ ಕಡಿಮೆ ಇದ್ದರೆ "ಏನೂ ಹಚ್ಚಿಲ್ಲ" ಅಂದುಕೊಂಡು ಕೆಲವು ತಾವಾಗಿಯೇ ಆಫ್ ಆಗುತ್ತವೆ. ಮನೆಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ, ಆಮೇಲೆ ನಂಬಿ.

ಗೂಂಯ್ ಸದ್ದಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್. ಅರ್ಥಿಂಗ್ ಸರಿ ಇಲ್ಲದ ಹಳೇ ಮನೆಯಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಹಾಕಿಕೊಂಡು ರೆಕಾರ್ಡ್ ಮಾಡಿದರೆ ಧ್ವನಿಯ ತಳದಲ್ಲಿ ಸಣ್ಣಗೆ ಗೂಂಯ್ ಅನ್ನುತ್ತಿರುತ್ತದೆ. ಕರೆಂಟ್ ಹೋಗಿ ಹಳೇ ಕಾಲದ ಸ್ಕ್ವೇರ್ ವೇವ್ ಇನ್ವರ್ಟರ್ ಓಡುತ್ತಿದ್ದರಂತೂ ಗೂಂಯ್ ಹೋಗಿ ಜಿರ್‍ರ್ ಆಗುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಸದ್ದು ನಿಂತರೆ ತಪ್ಪು ಪೆಟ್ಟಿಗೆಯದಲ್ಲ. ಇದು ಗೊತ್ತಿಲ್ಲದೆ ಒಳ್ಳೊಳ್ಳೆ ಇಂಟರ್‌ಫೇಸ್ ವಾಪಸ್ ಕಳಿಸಿದವರನ್ನು ನೋಡಿದ್ದೇನೆ.

ಹೆಜ್ಜೆ 4: ನಿಮ್ಮ ಸಾಧನ ಪೆಟ್ಟಿಗೆಯನ್ನು ಗುರುತಿಸುತ್ತದಾ?

ಡಬ್ಬಿ ಮೇಲೆ ಕ್ಲಾಸ್ ಕಂಪ್ಲಯಂಟ್ ಅಂತ ಇದ್ದರೆ ಡ್ರೈವರ್ (ಸಾಧನ ಓಡಿಸುವ ಸಾಫ್ಟ್‌ವೇರ್) ಇಲ್ಲದೆ ನಡೆಯುತ್ತದೆ ಅಂತ ಅರ್ಥ. ಮ್ಯಾಕ್, ಐಫೋನ್, ಈಚಿನ ಆಂಡ್ರಾಯ್ಡ್ ಫೋನುಗಳಿಗೆ ಇಷ್ಟೇ ಸಾಕು. ವಿಂಡೋಸ್ 10ರಲ್ಲಿ 2017ರ ಅಪ್‌ಡೇಟ್‌ನಿಂದ ಯುಎಸ್‌ಬಿ ಆಡಿಯೋ 2 ಒಳಗೇ ಬಂದಿದೆ. ಆದರೂ ವಿಂಡೋಸ್‌ನವರು ಧ್ವನಿಯ ತಡ ಕಡಿಮೆ ಮಾಡುವ, ಕಂಪನಿಯದೇ ಎಎಸ್‌ಐಒ ಡ್ರೈವರ್ ಇದೆಯಾ ನೋಡಿ. ಇದ್ದರೆ ಅದನ್ನೇ ಹಾಕಿ.

ಆಂಡ್ರಾಯ್ಡ್‌ನಲ್ಲಿ ಇನ್ನೊಂದು ಮೋಸ. ಪೆಟ್ಟಿಗೆ ದೀಪ ಹತ್ತಿರುತ್ತದೆ, ಆ್ಯಪ್ ಮಾತ್ರ ಫೋನಿನ ಮೈಕ್‌ನಿಂದಲೇ ರೆಕಾರ್ಡ್ ಮಾಡುತ್ತಿರುತ್ತದೆ. ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಆಮೇಲೆ ಫೋನಿನ ಬುಡವನ್ನು ಕೆರೆಯಿರಿ. ಯಾವುದು ಜೋರಾಗಿ ಕೇಳುತ್ತದೋ ಅದೇ ಓಡುತ್ತಿದೆ.

ಹೆಜ್ಜೆ 5: ಹೆಡ್‌ಫೋನ್ ಮತ್ತು ಡೈರೆಕ್ಟ್ ಮಾನಿಟರ್

ನಿಮ್ಮ ಧ್ವನಿ ಕಂಪ್ಯೂಟರಿಗೆ ಹೋಗಿ, ತಿರುಗಿ ಕಿವಿಗೆ ಬರಲು ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 48 ಸಾವಿರ ಸಲ ಧ್ವನಿ ಅಳೆಯುವ 48 ಕಿಲೋಹರ್ಟ್ಸ್‌ನಲ್ಲಿ ಬಫರ್ (ಒಮ್ಮೆಗೆ ಕೂಡಿಟ್ಟು ಕಳಿಸುವ ಅಳತೆಗಳ ಸಂಖ್ಯೆ) 256 ಇಟ್ಟರೆ ಒಂದು ಕಡೆಗೇ 5.3 ಮಿಲಿಸೆಕೆಂಡ್. ಹೋಗಿ ಬರುವುದು ಸೇರಿದರೆ ಅದರ ಎರಡು ಪಟ್ಟಿಗೂ ಜಾಸ್ತಿ. ಕೇಳಲು ಚಿಕ್ಕದು ಅನ್ನಿಸುತ್ತದೆ. ಆದರೆ ತನ್ನ ಮಾತು ತನಗೇ ತಡವಾಗಿ ಕೇಳಿಸಿದರೆ ನಾಲಿಗೆ ತೊಡರುತ್ತದೆ. ಡೈರೆಕ್ಟ್ ಮಾನಿಟರ್ ಬಟನ್ ಇದ್ದರೆ ಮೈಕಿನ ಧ್ವನಿ ಪೆಟ್ಟಿಗೆಯಿಂದಲೇ ನೇರ ಕಿವಿಗೆ ಬರುತ್ತದೆ. ಈ ಬಟನ್ ಇಲ್ಲದ್ದನ್ನು ಕೊಳ್ಳಬೇಡಿ.

ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥದ್ದೇ ಇರಲಿ. ಇಲ್ಲದಿದ್ದರೆ ಅದರ ಸದ್ದು ಮೈಕ್‌ಗೆ ಸೋರುತ್ತದೆ. ಬೆಂಗಳೂರಿನ ನಿರ್ದೇಶಕರು ಆನ್‌ಲೈನ್‌ನಲ್ಲಿ ಕೂತು ಓದಿಸುವ ಕೆಲಸ ನಿಮಗೆ ಬರುತ್ತಿದ್ದರೆ ಲೂಪ್‌ಬ್ಯಾಕ್ ಇರುವುದನ್ನು ನೋಡಿ. ರೆಕಾರ್ಡ್ ಆದದ್ದನ್ನು ಅಲ್ಲಿಂದಲೇ ಅವರಿಗೆ ಕೇಳಿಸಬಹುದು.

ಹೆಜ್ಜೆ 6: 24 ಬಿಟ್, 48 ಕಿಲೋಹರ್ಟ್ಸ್. ಇಷ್ಟು ಸಾಕು

192 ಕಿಲೋಹರ್ಟ್ಸ್ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್ ತನಕ ಕೇಳುತ್ತದೆ, 48ರಲ್ಲಿ ರೆಕಾರ್ಡ್ ಮಾಡಿದರೆ 24 ತನಕ ಹಿಡಿಯುತ್ತದೆ. ವಿಡಿಯೋದವರು ಕೇಳುವುದೂ 48ನ್ನೇ. ಬಿಟ್ ಮಾತ್ರ 24 ಇರಲಿ. 16 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 96 ಡೆಸಿಬೆಲ್ ಜಾಗ, 24ರಲ್ಲಿ 144. ಅಷ್ಟು ಜಾಗ ಇದ್ದರೆ ಗೇನ್ ಸ್ವಲ್ಪ ಕಡಿಮೆ ಇಟ್ಟು ಧೈರ್ಯವಾಗಿ ಓದಬಹುದು, ಮಧ್ಯೆ ಕೂಗಿದರೂ ಒಡೆಯಲ್ಲ. ಗೇನ್ ತಪ್ಪಿದರೂ ಆಮೇಲೆ ಸರಿಮಾಡಬಹುದಾದ 32 ಬಿಟ್ ಫ್ಲೋಟ್ ಅಂತ ಈಗ ಬಂದಿದೆ, ಜೂಮ್ ಕಂಪನಿಯ ಯುಎಸಿ-232ನಂಥವು. ಜಾತ್ರೆ, ಬಯಲಾಟ ರೆಕಾರ್ಡ್ ಮಾಡುವವರಿಗೆ ವರ. ಕೋಣೆಯಲ್ಲಿ ಕೂತು ಓದುವವರಿಗೆ ಅದಿಲ್ಲದೆ ಏನೂ ನಿಂತಿಲ್ಲ.

ಹೆಜ್ಜೆ 7: ಬಸ್ಸಿನ ಪ್ರಯಾಣಕ್ಕೆ ತಾಳುತ್ತದಾ?

ತಿರುಗಾಟದ ಪೆಟ್ಟಿಗೆಯಲ್ಲಿ ಮೊದಲು ಕೈಕೊಡುವುದು ಯುಎಸ್‌ಬಿ ಪೋರ್ಟ್. ಬಾಗಲಕೋಟೆಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಬ್ಯಾಗ್ ತೊಡೆ ಮೇಲಿಟ್ಟುಕೊಂಡು ನಾಲ್ಕು ಸಲ ಹೋಗಿ ಬನ್ನಿ, ಗೊತ್ತಾಗುತ್ತದೆ. ಕೇಬಲ್ ಸಿಕ್ಕಿಸಿ ಬೆರಳಿನಿಂದ ಆಚೀಚೆ ಮೆಲ್ಲಗೆ ಅಲ್ಲಾಡಿಸಿ. ದೀಪ ಮಿಣುಕಬಾರದು. ಮೈ ಲೋಹದ್ದಿರಲಿ. ಗೇನ್ ತಿರುಪು ತೀರಾ ಹೊರಗೆ ಚಾಚಿಕೊಂಡಿದ್ದರೆ ಬ್ಯಾಗಿನಲ್ಲಿ ಒತ್ತಿ ಸಡಿಲ ಆಗುತ್ತದೆ. ನಾನು ಪೆಟ್ಟಿಗೆಯನ್ನು ಹಳೇ ಖಣದ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಬುತ್ತಿ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತೇನೆ. ನಗುವವರು ನಗಲಿ.

ಕೇಬಲ್ ಎರಡೆರಡು ಇಟ್ಟುಕೊಳ್ಳಿ. ಒಂದು ಎಚ್ಚರ: ಚಾರ್ಜಿಂಗ್‌ಗಷ್ಟೇ ಬರುವ ಯುಎಸ್‌ಬಿ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರಲ್ಲ. ದೀಪ ಹತ್ತುತ್ತದೆ, ಧ್ವನಿ ಬರಲ್ಲ.

ಹಾಗಾದರೆ ಯಾವುದು?

ಮೇಲಿನ ಲೆಕ್ಕ ಇಟ್ಟುಕೊಂಡು ಕೆಲವನ್ನು ತೂಗೋಣ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ 3ನೇ ತಲೆಮಾರಿನದರಲ್ಲಿ ಗೇನ್ 56, 4ನೆಯದರಲ್ಲಿ 57. ಕಂಡೆನ್ಸರ್ ಇರುವವರಿಗೆ ಕಣ್ಣು ಮುಚ್ಚಿ ಹೇಳಬಹುದು. ಎಸ್‌ಎಂ7ಬಿಯಂಥದ್ದಕ್ಕೆ ಎಳೆದಾಟ. ಅದೇ ಮನೆಯ 2ಐ2 4ನೇ ತಲೆಮಾರಿನದರಲ್ಲಿ 69 ಡೆಸಿಬೆಲ್ ಇದೆ. ಧ್ವನಿ ಒಡೆಯುವ ಮುಂಚೆ ತಾನೇ ಗೇನ್ ಇಳಿಸುವ ಕ್ಲಿಪ್ ಸೇಫ್ ಕೂಡ ಇದೆ. ಒಂಟಿಯಾಗಿ ಕೆಲಸ ಮಾಡುವವರಿಗೆ ಅದು ಪಕ್ಕದಲ್ಲೊಬ್ಬ ಸಹಾಯಕ ಕೂತ ಹಾಗೆ. ಮೋಟು ಎಂ2ರಲ್ಲಿ 60, ಜೊತೆಗೆ ಮುಂಭಾಗದಲ್ಲೇ ಮೀಟರ್ ತೋರಿಸುವ ಪುಟ್ಟ ಪರದೆ, ಲೂಪ್‌ಬ್ಯಾಕ್. ಓದುತ್ತಾ ಕಡೆಗಣ್ಣಲ್ಲಿ ಮಟ್ಟ ನೋಡುವ ಅಭ್ಯಾಸ ಇರುವ ನನಗೆ ಇದು ಇಷ್ಟ. ಆಡಿಯೆಂಟ್ ಐಡಿ4ರಲ್ಲಿ 58, ಹೆಡ್‌ಫೋನಿಗೆ ದೊಡ್ಡದು ಚಿಕ್ಕದು ಎರಡೂ ಸಾಕೆಟ್.

ಕಡಿಮೆ ದುಡ್ಡಿನಲ್ಲಿ ಬೆಹ್ರಿಂಗರ್ ಯುಎಂ2 ಸಿಗುತ್ತದೆ, ಆದರೆ ಅದು 16 ಬಿಟ್. ಸ್ವಲ್ಪ ಕಾದು ಯುಎಂಸಿ202ಎಚ್‌ಡಿ ಕೊಂಡರೆ 24 ಬಿಟ್ ಸಿಗುತ್ತದೆ. ನಾನಾಗಿದ್ದರೆ ಕಾಯುತ್ತೇನೆ.

ಇನ್ನೂ ಚಿಕ್ಕದು ಬೇಕಾ? ಶೂರ್ ಎಂವಿಎಕ್ಸ್2ಯು ನೋಡಿ. ಪೆಟ್ಟಿಗೆಯೇ ಇಲ್ಲ, ಮೈಕಿನ ಬಾಲಕ್ಕೆ ಸಿಕ್ಕಿಸುವ ಗೆಣಸಿನ ಗಾತ್ರದ ತುಂಡು. 60 ಡೆಸಿಬೆಲ್ ಗೇನ್, 48 ವೋಲ್ಟ್, ಹೆಡ್‌ಫೋನ್ ಸಾಕೆಟ್ ಎಲ್ಲ ಅದರಲ್ಲೇ. ಗೇನ್ ತಿರುಪು ಮಾತ್ರ ಮೈ ಮೇಲಿಲ್ಲ, ಆ್ಯಪ್‌ನಲ್ಲಿ ಹೊಂದಿಸಬೇಕು.

ಇಂಟರ್‌ಫೇಸೇ ಬೇಡ ಅನ್ನುವ ದಾರಿಯೂ ಇದೆ. ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡೂ ಇರುವ ಮೈಕ್‌ಗಳು: ಸ್ಯಾಮ್ಸನ್ ಕ್ಯು2ಯು, ಶೂರ್ ಎಂವಿ7, ರೋಡ್ ಎನ್‌ಟಿ1 5ನೇ ತಲೆಮಾರು. ವಾರಕ್ಕೊಂದು ಕೆಲಸ ಬರುವವರು ಇವುಗಳಲ್ಲಿ ಒಂದನ್ನು ಕೊಂಡು ಶುರು ಮಾಡಿ. ಕೆಲಸ ಬೆಳೆದ ಮೇಲೆ ಅದೇ ಮೈಕ್‌ಗೆ ಇಂಟರ್‌ಫೇಸ್ ಸೇರಿಸಬಹುದು. ದುಡ್ಡು ನೀರಿಗೆ ಹೋಗಲ್ಲ.

ಹೆಜ್ಜೆ 8: ಮನೆಗೆ ಬಂದ ದಿನವೇ ಪರೀಕ್ಷೆ

ಬಿಲ್ ಜೋಪಾನ ಮಾಡಿ, ಭಾರತದ ವಾರಂಟಿ ಇದೆಯಾ ಅಂತ ಅದರಲ್ಲೇ ನೋಡಿ. ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಇದನ್ನು ಮಾಡಿ ಮುಗಿಸಿ. ನಸುಕಿನ ಐದು ಗಂಟೆ ಒಳ್ಳೇ ಹೊತ್ತು. ಆರಕ್ಕೆ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ.

ಹೆಡ್‌ಫೋನ್ ವಾಲ್ಯೂಮ್ ಇಳಿಸಿ, ಮೈಕ್ ಸಿಕ್ಕಿಸಿ, ಆಮೇಲೆ 48 ವೋಲ್ಟ್ ಒತ್ತಿ. ಹತ್ತು ಸೆಕೆಂಡ್ ಬಿಡಿ. ಈಗ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆಯಿರಿ, ಪುಕ್ಕಟೆ ಸಿಗುತ್ತದೆ. ಮೊದಲು ಹತ್ತು ಸೆಕೆಂಡ್ ಉಸಿರು ಬಿಗಿಹಿಡಿದು ಸುಮ್ನೆ ಕೂರಿ, ಅದೂ ರೆಕಾರ್ಡ್ ಆಗಲಿ. ಆಮೇಲೆ ಇದನ್ನು ಓದಿ:

"ಬಾಗಲಕೋಟೆಯಿಂದ ಬಾದಾಮಿಗೆ, ಬಾದಾಮಿಯಿಂದ ಪಟ್ಟದಕಲ್ಲಿಗೆ ಬಂದ ಭಕ್ತರು ಬನಶಂಕರಿಯಲ್ಲಿ ಪುಂಡಿಪಲ್ಯದ ಬುತ್ತಿ ಬಿಚ್ಚಿದರು."

ಪ, ಬ, ಭ ಇಲ್ಲಿ ಬೇಕೆಂದೇ ತುಂಬಿದ್ದೇನೆ. ತೆರೆ ಮೇಲಿನ ಗೆರೆಯಲ್ಲಿ "ಭಕ್ತರು" ಶುರುವಾಗುವ ಕಡೆ ಗುಡ್ಡದಂಥ ಉಬ್ಬು ಎದ್ದಿದ್ದರೆ ಗಾಳಿ ಮೈಕ್‌ಗೆ ಬಡಿದಿದೆ. ಪಾಪ್ ಫಿಲ್ಟರ್ (ಮೈಕ್ ಮುಂದಿಡುವ ಜಾಲರಿ ಪರದೆ) ಹಾಕಿ, ಅಥವಾ ಮೈಕನ್ನು ಬಾಯಿಯ ನೇರದಿಂದ ಎರಡು ಬೆರಳು ಪಕ್ಕಕ್ಕೆ ಸರಿಸಿ. ಇನ್ನೊಂದು ಸಾಲು:

"ಸವದತ್ತಿಯ ಸಂತೆಯಲ್ಲಿ ಶೇಂಗಾ ಚಟ್ನಿ, ಸಜ್ಜೆ ರೊಟ್ಟಿ, ಸಿಹಿ ಸಜ್ಜಕ."

ಇದರಲ್ಲಿ ಸ, ಶ, ಚ ಕಿವಿಗೆ ಚುಚ್ಚುತ್ತವಾ ಕೇಳಿ. ಚುಚ್ಚಿದರೆ ಮೈಕ್ ಸ್ವಲ್ಪ ಓರೆ ಮಾಡಿ. ಇವೆರಡೂ ಪೆಟ್ಟಿಗೆಯ ತಪ್ಪಲ್ಲ, ಆದರೆ ಇವನ್ನು ಕಳೆದರೇನೇ ಪೆಟ್ಟಿಗೆಯ ತಪ್ಪು ಕಾಣಿಸುವುದು.

ಈಗ ಮಟ್ಟ. ಜೋರು ಮಾತಿನ ತುದಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಬರಲಿ. ಸೊನ್ನೆ ಮುಟ್ಟಿದರೆ ಒಡೆಯಿತು ಅಂತಲೇ ಲೆಕ್ಕ. ಆಮೇಲೆ ಆ ಮೊದಲ ಹತ್ತು ಸೆಕೆಂಡಿನ ಮೌನವನ್ನು ಅಳೆಯಿರಿ. ಆಡಿಯೋಬುಕ್ ತಾಣ ಎಸಿಎಕ್ಸ್ ಕೇಳುವ ಮಟ್ಟವನ್ನು ನಾನು ಗಜಕಡ್ಡಿ ಮಾಡಿಕೊಂಡಿದ್ದೇನೆ: ಸರಾಸರಿ ಮೈನಸ್ 23ರಿಂದ ಮೈನಸ್ 18ರ ಒಳಗೆ, ತುದಿ ಮೈನಸ್ 3 ದಾಟಬಾರದು, ಮೌನ ಮೈನಸ್ 60ಕ್ಕಿಂತ ಕೆಳಗೆ. ಮೌನ ಅಳೆಯುವ ಮುಂಚೆ ಧ್ವನಿಯನ್ನು ಈ ಸರಾಸರಿಗೆ ಏರಿಸಿಕೊಳ್ಳಿ. ಯಾಕೆಂದರೆ ಧ್ವನಿ ಏರಿಸಿದಷ್ಟೂ ಸುಯ್ ಕೂಡ ಏರುತ್ತದೆ.

ಮೈನಸ್ 60 ಬರಲಿಲ್ಲ ಅಂತಿಟ್ಟುಕೊಳ್ಳಿ. ಯಾರ ತಪ್ಪು ಅಂತ ಹುಡುಕಲು ಒಂದು ಸುಲಭ ಉಪಾಯ ಇದೆ. ಗೇನ್ ತಿರುಪು ಮುಟ್ಟದೆ, 48 ವೋಲ್ಟ್ ಆಫ್ ಮಾಡಿ, ಮೈಕ್ ಕೇಬಲನ್ನು ಪೆಟ್ಟಿಗೆಯಿಂದ ಕಿತ್ತು, ಮತ್ತೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಸದ್ದು ಹೆಚ್ಚೂಕಡಿಮೆ ಅಷ್ಟೇ ಉಳಿದರೆ ಪೆಟ್ಟಿಗೆಯೇ ಸುಯ್ ಅನ್ನುತ್ತಿದೆ. ಪಟ್ ಅಂತ ಇಳಿದರೆ ಗದ್ದಲ ಕೋಣೆಯದು ಅಥವಾ ಮೈಕಿನದು. ಆಗ ಫ್ರಿಜ್ ಪ್ಲಗ್ ಕಿತ್ತು, ಫ್ಯಾನ್ ಆರಿಸಿ, ಲ್ಯಾಪ್‌ಟಾಪನ್ನು ಕೌದಿಯ ಆಚೆ ಇಟ್ಟು ಮತ್ತೊಮ್ಮೆ ನೋಡಿ. ಬನಹಟ್ಟಿಯ ಹುಡುಗ ಇಷ್ಟೆಲ್ಲ ಮಾಡಿದ ಮೇಲೂ ಮಗ್ಗ ಉಳಿಯಿತು. ಈಗ ಅವನು ಕಾರು ತೆಗೆದುಕೊಂಡು ಊರಾಚೆ ಹೊಲದ ಬದುವಿಗೆ ಹೋಗಿ, ಗಾಜು ಏರಿಸಿ, ಹಿಂದಿನ ಸೀಟಿನಲ್ಲಿ ಕೌದಿ ಹೊದ್ದು ಓದುತ್ತಾನೆ. ಕಾರಿನ ಸೀಟು, ಮೆತ್ತೆ ಎಲ್ಲ ಸದ್ದು ಹೀರುತ್ತವೆ. ಚೆನ್ನಾಗೇ ಬರುತ್ತಿದೆ. ಬೇಸಿಗೆಯಲ್ಲಿ ಮಾತ್ರ ಬೆವರು ಕಿತ್ತು ಬರುತ್ತದೆ ಅನ್ನುತ್ತಾನೆ.

ಎಲ್ಲ ಸರಿ ಬಂದ ಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ ಬಿಳಿ ಪಟ್ಟಿ ಒಂದು ತುಂಡು ಪೆಟ್ಟಿಗೆಯ ನೆತ್ತಿಗೆ ಅಂಟಿಸಿ. ಗೇನ್ ತಿರುಪು ಎಲ್ಲಿ ನಿಂತಿದೆ ಅಂತ ಅದರ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ದೂರ ಬರೆಯಿರಿ. ನನ್ನ ಪಟ್ಟಿಯ ಮೇಲೆ "ಗೇಣು, ಓರೆ, ಎರಡು ಗಂಟೆ" ಅಂತಿದೆ. ಎರಡು ಗಂಟೆ ಅಂದರೆ ಗಡಿಯಾರದ ಮುಳ್ಳಿನ ಜಾಗ. ಮೊನ್ನೆ ತಂಗಿಯ ಮಗ ಅದನ್ನು ಓದಿ, "ಮಾಮಾ, ಎರಡಕ್ಕ ಯಾರ ಜೋಡಿ ಮೀಟಿಂಗ್?" ಅಂತ ಕೇಳಿದ.